ನಿಲ್ಲುವವನನ್ನೇ ನಿಲ್ಲಿಸುವುದು

ಕಳೆದ ತಿಂಗಳು ಒಂದು ಮದುವೆಯ ನಿಮಿತ್ತ ಗಾದಿಗನೂರಿಗೆ ಹೋಗಿದ್ದೆನು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ತೋರಣಗಲ್ಲನ್ನು ದಾಟಿದ ಮೇಲೆ ಸಿಕ್ಕುವ ಊರು ಅದು. ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿದ್ದು, 2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದಾಗ ಅದರ ಪಾಲಿಗೆ ಬಂದಿತು. ಊಟವಾಗಿ, ಎಲೆಯಡಿಕೆ ಹಾಕಿಕೊಂಡು ಚಪ್ಪರದ ನೆರಳಿನಲ್ಲಿ ಕುಳಿತಿದ್ದಾಗ ನಡೆದ ಮಾತುಕತೆಯನ್ನೇ ಈ ಸಲ ವಾಚಕರ ಮುಂದಿಡುತ್ತೇನೆ. ಮದುವೆಯ ಮನೆಯಲ್ಲಿ ಪೋಲೀಸರ ಮಾತೇಕೆ ಎಂದು ಸೋದರಿಯರು ಕೇಳಬಹುದು. ಮಾತನ್ನು ಕೊನೆಗೆ ಹಿಡಿದು ಎಳೆದವರು ಹೆಂಗಸರೇ ಎಂಬುದನ್ನು ಮುಂದೆ ಹೇಳುವೆನು.

ಮಾತು ತೆಗೆದವರು ನಮ್ಮ ಷಡ್ಡಕರು. ಅವರದು ಬೇರೆ ತಾಲ್ಲೂಕು. ಹೆಸರೂ ಊರೂ ಬೇಡ. ಆರೆಕರೆ ಹೊಲ, ಒಂದು ಬೋರು. ಒಂದು ಬೆಳಗ್ಗೆ ಹೊಲಕ್ಕೆ ಹೋಗಿ ನೋಡಿದರೆ ಮೋಟಾರಿನ ಕೇಬಲ್ಲನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ. ಒಳಗಿನ ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆಯಂತೆ. ಕಳ್ಳನಿಗೆ ಸಿಕ್ಕುವುದು ಒಂದೆರಡು ಸಾವಿರ. ರೈತನಿಗೆ ಹೋಗುವುದು ಒಂಬತ್ತು ಸಾವಿರದ ಕೇಬಲ್ಲೂ ಮೇಲೆ ನೀರಿಲ್ಲದೆ ಬಾಡುವ ಮೆಣಸಿನ ಮಡಿಯೂ. ಇವರು ಠಾಣೆಗೆ ಹೋದರು. ಕೇಬಲ್ಲಿನ ಬಿಲ್ಲು ತಾ ಎಂದರು. ಎಂಟು ವರ್ಷದ ಹಿಂದೆ ಕೊಂಡ ಸಾಮಾನಿನ ಬಿಲ್ಲನ್ನು ಯಾವ ರೈತನು ಇಟ್ಟುಕೊಂಡಿರುತ್ತಾನೆ? ಮರುದಿವಸ ಹೋದರೆ ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆಂದರು. ಮೂರನೆಯ ದಿವಸ, ‘ಇಂಥಾ ಕಳವು ದಿನಾ ಆಗುತ್ತವಪ್ಪ, ಎಲ್ಲವನ್ನೂ ಬರೆಯುತ್ತಾ ಕುಳಿತರೆ ಆಗುತ್ತದೆಯೇ?’ ಎಂದರು.

ಅಲ್ಲಿಂದ ಹೊರಟು ಮೋಟಾರು ಸೈಕಲ್ಲಿನ ಮೇಲೆ ಊರ ಹೊರಗಿನ ತಿರುವಿಗೆ ಬರುವಷ್ಟರಲ್ಲಿ ನಾಲ್ವರು ಪೋಲೀಸಿನವರು ರಸ್ತೆಗೆ ಅಡ್ಡವಾಗಿ ನಿಂತಿದ್ದರು. ಇವರ ತಲೆಯ ಮೇಲೆ ಹೆಲ್ಮೆಟ್ಟಿರಲಿಲ್ಲ. ಐದುನೂರು ರೂಪಾಯಿ ಜುಲ್ಮಾನೆಯಾಯಿತು. ಅಂಗೈಯಗಲದ ಯಂತ್ರದಿಂದ ರಸೀದಿಯು ಕಿರ್ರೆಂದು ಹೊರಬಂದಿತಂತೆ.

‘ನನ್ನ ಕಳವನ್ನು ಬರೆಯುವುದಕ್ಕೆ ಮೂರು ದಿವಸ ತಿರುಗಿದರೂ ಕಾಗದ ಸಿಕ್ಕಲಿಲ್ಲ, ಅಣ್ಣಾ, ನನ್ನ ತಪ್ಪನ್ನು ಬರೆಯುವುದಕ್ಕೆ ಅರೆ ನಿಮಿಷ ಸಾಕಾಯಿತು’ ಎಂದರು ಷಡ್ಡಕರು. ಚಪ್ಪರದ ಕೆಳಗಿದ್ದವರೆಲ್ಲಾ ನಕ್ಕರು, ಅವರು ನಗಲಿಲ್ಲ.

ಹೆಲ್ಮೆಟ್ಟಿನ ಮೇಲೆ ನನಗೆ ಜಗಳವಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ತಲೆಯನ್ನು ಉಳಿಸತಕ್ಕ ವಸ್ತು. ಮನೆಯಿಂದ ಹೊರಡುವ ಗಂಡನ, ಮಗನ ಕೈಗೆ ಅದನ್ನು ತೆಗೆದುಕೊಟ್ಟು ಕಳುಹಿಸುವ ಗೃಹಿಣಿಯು ಮಾಡುವ ಉಪಕಾರವನ್ನು ಯಾವ ಪೋಲೀಸನೂ ಮಾಡಲಾರನು. ಷಡ್ಡಕರೂ ಜುಲ್ಮಾನೆಯು ಅನ್ಯಾಯವೆನ್ನಲಿಲ್ಲ. ಹಣವನ್ನು ಕೊಟ್ಟು, ‘ಇದೇ ಚುರುಕನ್ನು ಠಾಣೆಯೊಳಗೆ ತೋರಿಸಬಾರದೇ?’ ಎಂದು ಕೇಳಿದರಂತೆ. ರಸೀದಿ ಕೊಟ್ಟ ಯುವಕನು ತಗ್ಗಿದ ಧ್ವನಿಯಲ್ಲಿ, ‘ಯಜಮಾನರೇ, ನನ್ನ ಮೇಲೆ ಸಿಟ್ಟಾಗಬೇಡಿರಿ. ಸಂಜೆಗೆ ಇಷ್ಟು ರಸೀದಿ ಎಂದು ಲೆಕ್ಕ ಒಪ್ಪಿಸಬೇಕು. ಕಳ್ಳನನ್ನು ಹಿಡಿದಿಯಾ ಎಂದು ನನ್ನನ್ನು ಯಾರೂ ಕೇಳುವುದಿಲ್ಲ’ ಎಂದನಂತೆ.

ಆ ಹುಡುಗನ ಮಾತು ನನ್ನ ಮನಸ್ಸಿನಲ್ಲಿ ಉಳಿದುಹೋಯಿತು. ಯುಗಾದಿಯ ಮಧ್ಯಾಹ್ನ ಅರಳಿಕಟ್ಟೆಯ ಮೇಲೆ ಹತ್ತು ರೂಪಾಯಿ ಪಣಕ್ಕೆ ಇಸ್ಪೀಟಾಡುವ ಮುದುಕರನ್ನು ಜೀಪಿನಲ್ಲಿ ಕರೆದೊಯ್ಯುವುದೂ, ರಸ್ತೆಯ ಬದಿಯಲ್ಲಿ ಸೌತೆಕಾಯಿ ಮಾರುವವಳ ಮೇಲೆ ದಾರಿಗೆ ಅಡ್ಡಿಯೆಂದು ಪೆಟ್ಟಿ ಕೇಸು ಬರೆಯುವುದೂ ಇಂಥ ಲೆಕ್ಕದಿಂದಲೇ ಹುಟ್ಟುತ್ತವೆ. ಅವೂ ಕಾನೂನಿನಲ್ಲಿರತಕ್ಕ ತಪ್ಪುಗಳೇ; 1963ರ ಕರ್ನಾಟಕ ಪೋಲೀಸ್ ಕಾಯಿದೆಯಲ್ಲಿ ಎರಡಕ್ಕೂ ಕಲಮುಗಳಿವೆ. ಹಿಡಿಯುವುದು ಸುಲಭ, ಓಡುವವರಿಲ್ಲ, ಪುಸ್ತಕವು ತುಂಬುತ್ತದೆ.

ಇಷ್ಟು ಹೊತ್ತಿಗೆ ಮನೆಯ ಹಿರಿಯರಾದ ದೊಡ್ಡವ್ವನವರು ಸೊಸೆಯರೊಡನೆ ಬಂದು ಕಂಬಕ್ಕೊರಗಿ ಕುಳಿತಿದ್ದರು. ಎಲ್ಲವನ್ನೂ ಕೇಳಿ, ‘ಅದಿರಿನ ಲಾರಿ ಓಡಾಡುವಾಗ ಇವರೆಲ್ಲಾ ಎಲ್ಲಿದ್ದರಪ್ಪಾ?’ ಎಂದರು.

ಹೊರಗಿನ ವಾಚಕರಿಗಾಗಿ ಅದನ್ನು ಬಿಡಿಸಿ ಹೇಳಬೇಕು. ಇಪ್ಪತ್ತನೆಯ ಶತಮಾನವು ಮುಗಿದ ಕೆಲವೇ ವರ್ಷಗಳಲ್ಲಿ ಚೀನಾ ದೇಶದಲ್ಲಿ ಕಬ್ಬಿಣಕ್ಕೆ ವಿಪರೀತ ಬೇಡಿಕೆ ಹುಟ್ಟಿತು. ಸಂಡೂರು, ಹೊಸಪೇಟೆ, ಬಳ್ಳಾರಿಗಳ ಗುಡ್ಡಗಳನ್ನು ಹಗಲಿರುಳು ಅಗೆದರು. ಅದಿರನ್ನು ಹೊತ್ತ ಲಾರಿಗಳು ಇರುವೆಗಳ ಸಾಲಿನಂತೆ ಈ ರಸ್ತೆಗಳಲ್ಲಿ ಹರಿದುವು. ದೊಡ್ಡವ್ವನವರು ಆ ಕಾಲವನ್ನು ಟನ್ನಿನ ಲೆಕ್ಕದಲ್ಲಿ ಹೇಳಲಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಹಾಕಿದರೆ ಸಂಜೆಗೆ ಕೆಂಪಾಗುತ್ತಿತ್ತು. ಬಿಳಿಯ ಪಂಚೆಯನ್ನು ಮೂರು ಸಲ ಜಾಲಿಸಿದರೂ ಕಾವಿಯ ಬಣ್ಣ ಹೋಗುತ್ತಿರಲಿಲ್ಲ. ನೀರಿನ ಕೊಡದ ಬಾಯಿಗೆ ಬಟ್ಟೆ ಕಟ್ಟಬೇಕಾಗುತ್ತಿತ್ತು. ಮಕ್ಕಳನ್ನು ರಸ್ತೆ ದಾಟಿಸುವುದಕ್ಕೆ ಮನೆಗೊಬ್ಬರು ನಿಲ್ಲಬೇಕಾಗುತ್ತಿತ್ತು. ಕಂಠಮಟ್ಟ ತುಂಬಿದ ಲಾರಿಯಿಂದ ಉದುರಿದ ಅದಿರಿನ ಗಟ್ಟಿಗಳನ್ನು ಹುಡುಗರು ಆಯ್ದು ಆಡುತ್ತಿದ್ದರಂತೆ.

ಹೊತ್ತಿರಬೇಕಾದುದಕ್ಕಿಂತ ಹೆಚ್ಚು ಹೊತ್ತ ಲಾರಿಯನ್ನು ಏನು ಮಾಡಬೇಕೆಂಬುದು ಮೋಟಾರು ವಾಹನಗಳ ಕಾಯಿದೆಯಲ್ಲಿ ಆಗಲೂ ಸ್ಪಷ್ಟವಾಗಿತ್ತು. ತೂಗುವ ಕಟ್ಟೆಗೆ ಕರೆದೊಯ್ದು ತೂಗಿಸಬಹುದು. ಹೆಚ್ಚಿನ ಭಾರವನ್ನು ಅಲ್ಲಿಯೇ ಇಳಿಸುವ ತನಕ ಮುಂದೆ ಬಿಡಬಾರದು. ಎರಡು ಸಾವಿರ ರೂಪಾಯಿ, ಮೇಲೆ ಹೆಚ್ಚಿದ ಪ್ರತಿ ಟನ್ನಿಗೆ ಒಂದು ಸಾವಿರ ಜುಲ್ಮಾನೆ. 2019ನೆಯ ಸೆಪ್ಟೆಂಬರ್ 1ರಿಂದ ಅದು ಇಪ್ಪತ್ತು ಸಾವಿರಕ್ಕೂ ಟನ್ನಿಗೆ ಎರಡು ಸಾವಿರಕ್ಕೂ ಏರಿತು. ಕಾನೂನಿಗೆ ಬಡತನವಿರಲಿಲ್ಲ.

ಆದರೆ ನಡೆದುದೇನು? ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು, ಅರಣ್ಯಾಧಿಕಾರಿ ಯು.ವಿ. ಸಿಂಗರ ತಂಡದ ನೆರವಿನಿಂದ ಸಿದ್ಧಪಡಿಸಿ, 2011ನೆಯ ಜುಲೈ 27ರಂದು ಸರ್ಕಾರಕ್ಕೊಪ್ಪಿಸಿದ ವರದಿಯಲ್ಲಿ ಕೆಲವೇ ವರ್ಷಗಳಲ್ಲಿ ನಾಡಿಗಾದ ನಷ್ಟವನ್ನು ರೂ. 16,085 ಕೋಟಿ ಎಂದು ಎಣಿಸಿದರು. ಅಂಕೋಲೆಯ ಹತ್ತಿರದ ಬೇಲೆಕೇರಿ ಎಂಬ ಸಣ್ಣ ಬಂದರೊಂದರಿಂದಲೇ ಅನುಮತಿಯಿಲ್ಲದೆ ಹೊರಹೋದ ಅದಿರು ಸುಮಾರು 77 ಲಕ್ಷ ಟನ್. ಅಲ್ಲಿಗೆ ಈ ಕಡೆಯಿಂದ ನೇರ ರೈಲುದಾರಿಯಿಲ್ಲ. ಘಟ್ಟವನ್ನು ಲಾರಿಯಲ್ಲಿಯೇ ಇಳಿಯಬೇಕು. ಲಾರಿಯೊಂದಕ್ಕೆ ಇಪ್ಪತ್ತು ಟನ್ನೆಂದು ಹಿಡಿದರೂ ಮೂರು ಮುಕ್ಕಾಲು ಲಕ್ಷ ಲಾರಿಗಳಿಗೆ ಕಡಿಮೆಯಾಗದು. ಹೊಸಪೇಟೆಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ಎಂದು ಬೆರಳು ಮಡಿಸುತ್ತಾ ಹೋಗಿರಿ. ದಾರಿಯುದ್ದಕ್ಕೂ ಠಾಣೆಗಳು, ತನಿಖೆಯ ಕಟ್ಟೆಗಳು. ಒಂದು ಕೇಬಲ್ಲಿನ ಬಿಲ್ಲು ಕೇಳುವ ನಾಡಿನಲ್ಲಿ ಇಷ್ಟು ಲಾರಿಗಳ ಕಾಗದವನ್ನು ನೋಡಿದವರೆಷ್ಟು ಮಂದಿ?

ನೋಡಿದವರು ಇಲ್ಲವೆಂದಲ್ಲ. 2010ನೆಯ ಮಾರ್ಚಿಯಲ್ಲಿ ಅರಣ್ಯ ಇಲಾಖೆಯವರು ಬೇಲೆಕೇರಿಯಲ್ಲಿ ಐದು ಲಕ್ಷ ಟನ್ನಿನಷ್ಟು ಅದಿರನ್ನು ಜಫ್ತಿ ಮಾಡಿದರು. ಜಫ್ತಿಯಾದ ಆ ಮಾಲಿನ ಬಹುಪಾಲು ಕಾಣೆಯಾಯಿತು! ಆ ಕಾರ್ಯದಲ್ಲಿ ಮುಂದಾಗಿದ್ದ ಅರಣ್ಯಾಧಿಕಾರಿ ಆರ್. ಗೋಕುಲರನ್ನು ಅಮಾನತಿನಲ್ಲಿಡಹೊರಟಾಗ ಸಂತೋಷ್ ಹೆಗ್ಡೆಯವರು ತಮ್ಮ ಪದವಿಗೇ ರಾಜೀನಾಮೆಯಿತ್ತು, ಹಿರಿಯರ ಒತ್ತಾಯದಿಂದ ಅನಂತರ ಹಿಂದೆಗೆದುಕೊಂಡರು. ಕೊನೆಗೆ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದುದು 2011ನೆಯ ಜುಲೈ 29ರ ಸುಪ್ರೀಂ ಕೋರ್ಟಿನ ಆಜ್ಞೆ. ದೊಡ್ಡವ್ವನವರ ಸಂಡಿಗೆ ಬೆಳ್ಳಗಾದುದು ಆಮೇಲೆಯೇ.

ಲಾರಿಯು ನಿಲ್ಲುವುದಿಲ್ಲ, ಅದರ ಹಿಂದೆ ಯಾರಿದ್ದಾರೆಂಬುದು ಪೇದೆಗೆ ಗೊತ್ತು. ರೈತನ ಮೋಟಾರು ಸೈಕಲ್ಲು ಕೈಯೆತ್ತಿದರೆ ನಿಲ್ಲುತ್ತದೆ. ಆದುದರಿಂದ ಕೈಯು ನಿಲ್ಲುವವನ ಮುಂದೆಯೇ ಏಳುತ್ತದೆ. ಇದನ್ನು ಬರಿಯ ಲಂಚದ ಮಾತೆಂದು ತಳ್ಳಿಬಿಡುವುದು ಸುಲಭ; ನನಗೆ ಕಾಣುವ ದೋಷವು ಇನ್ನೂ ಹಳೆಯದು, ಇದೇ ಸೀಮೆಯ ಚರಿತ್ರೆಯಲ್ಲಿಯೇ ಇದೆ.

1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಕುಂಪಣಿಯವರ ಕೈಗೆ ಬಂದಿತು. 1953ರ ತನಕ ಮದರಾಸಿಗೆ ಸೇರಿದ್ದಿತು. 1816ರ ಒಂದು ಶಾಸನದಿಂದ ಮದರಾಸಿನವರು ಕಂದಾಯ ವಸೂಲು ಮಾಡುವ ತಹಸೀಲ್ದಾರರಿಗೇ ಪೋಲೀಸಿನ ಅಧಿಕಾರವನ್ನೂ ಕೊಟ್ಟರು. ಖರ್ಚು ಕಡಿಮೆಯಾಯಿತು. ಆದರೆ ಕಳ್ಳನನ್ನು ಹುಡುಕಬೇಕಾದ ಜವಾನನೇ ರೈತನಿಂದ ಹಣ ಕೀಳುವವನಾದನು. ಬಾಕಿಯ ರೈತನನ್ನು ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸಿ ಬೆನ್ನ ಮೇಲೆ ಕಲ್ಲಿಡುವ ಪದ್ಧತಿಯು ಬೆಳೆಯಿತು. ಕೂಗು ವಿಲಾಯಿತಿಯ ಪಾರ್ಲಿಮೆಂಟಿಗೆ ಮುಟ್ಟಿದ ಮೇಲೆ ಮೂವರ ವಿಚಾರಣಾ ಮಂಡಲಿಯೊಂದು ಕುಳಿತು, ಹಿಂಸೆಯು ಉಂಟೆಂದು 1855ರಲ್ಲಿ ಒಪ್ಪಿಕೊಂಡು ವರದಿ ಬರೆಯಿತು. 1859ರಲ್ಲಿ ಪೋಲೀಸನ್ನು ಕಂದಾಯದಿಂದ ಬೇರ್ಪಡಿಸಿ ಕಾಯಿದೆ ಮಾಡಿದರು. ವಸೂಲಿಯ ಕೈಯೂ ಕಾವಲಿನ ಕೈಯೂ ಒಂದಾದರೆ ಕಾವಲು ಹಿಂದಾಗುತ್ತದೆಂಬುದನ್ನು ಪರದೇಶದ ಸರ್ಕಾರವೇ ಅಷ್ಟು ಹಿಂದೆ ಕಂಡುಕೊಂಡಿತ್ತು. ಈಗ ಸಂಜೆಯ ರಸೀದಿಯ ಲೆಕ್ಕವು ಆ ಎರಡು ಕೈಗಳನ್ನು ಪುನಃ ಜೋಡಿಸುತ್ತಿದೆ. 2023ನೆಯ ಫೆಬ್ರವರಿಯಲ್ಲಿ ಸರ್ಕಾರವು, ಬಟ್ಟೆಯಂಗಡಿಯ ಆಷಾಢದ ರಿಯಾಯಿತಿಯಂತೆ, ಬಾಕಿಯಿದ್ದ ವಾಹನ ಜುಲ್ಮಾನೆಗಳನ್ನು ಅರ್ಧ ದರಕ್ಕೆ ಕೊಟ್ಟಿತು. ಕೆಲವೇ ದಿವಸಗಳಲ್ಲಿ ನೂರು ಕೋಟಿಗೂ ಮೇಲ್ಪಟ್ಟು ಹಣ ಬಂದಿತೆಂದು ಸಂತೋಷಪಟ್ಟರು. ತಪ್ಪು ಮಾಡುವವರು ಎಷ್ಟು ಕಡಿಮೆಯಾದರೆಂದು ಯಾರೂ ಹೇಳಿದಂತೆ ನೆನಪಿಲ್ಲ.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಹಂಪೆಯು ಹತ್ತಿರವೇ ಇದೆ. ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿನಲ್ಲಿ, ಅಲ್ಲಿದ್ದ ನೂನಿಜನೆಂಬ ಪೋರ್ಚುಗೀಸ ಕುದುರೆ ವ್ಯಾಪಾರಿಯು ಬರೆದಿಟ್ಟಂತೆ, ರಾಜಧಾನಿಯಲ್ಲಿ ನಡೆದ ಕಳವುಗಳಿಗೆಲ್ಲಾ ಕಾವಲಿನ ಮುಖ್ಯಾಧಿಕಾರಿಯು ಲೆಕ್ಕ ಕೊಡಬೇಕಾಗಿದ್ದಿತು. ಆ ಕಾರಣದಿಂದಲೇ ಕಳವುಗಳು ಅಪರೂಪವಾಗಿದ್ದುವು. ಆಗಲೂ ಸಂಜೆಗೆ ಲೆಕ್ಕವಿತ್ತು. ಕೇಳುತ್ತಿದ್ದ ಲೆಕ್ಕ ಬೇರೆ.

ಪೋಲೀಸಿನವರನ್ನೇ ದೂರಿ ಮುಗಿಸುವುದು ನ್ಯಾಯವಲ್ಲ. ಇದೇ ಸೀಮೆಯ ಕೂಡ್ಲಿಗಿಯಲ್ಲಿ ಡಿ.ವೈ.ಎಸ್.ಪಿ. ಆಗಿದ್ದ ಅನುಪಮಾ ಶೆಣೈ ಅವರನ್ನು 2016ನೆಯ ಜನವರಿಯಲ್ಲಿ ವರ್ಗ ಮಾಡಿದರು. ಮಂತ್ರಿಯೊಬ್ಬರ ದೂರವಾಣಿಯ ಕರೆಯನ್ನು ತುಸು ಹೊತ್ತು ತಡೆಹಿಡಿದು ಮೇಲಧಿಕಾರಿಯೊಡನೆ ಮಾತನಾಡಿದುದೇ ತಪ್ಪಾಯಿತೆಂದು ಊರೆಲ್ಲಾ ಆಡಿಕೊಂಡಿತು. ಪೋಲೀಸು ಅಧಿಕಾರಿಯೊಬ್ಬಳಿಗಾಗಿ ಕೂಡ್ಲಿಗಿಯ ಜನರು ಬೀದಿಗಿಳಿದರು, ವರ್ಗವು ರದ್ದಾಯಿತು. ಪೋಲೀಸರನ್ನು ಕಂಡರಾಗದ ಜನವೇ ಇದು? ಅದೇ ಜೂನಿನಲ್ಲಿ ಆಕೆಯು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಅದೇ ತಿಂಗಳ 4ರಂದು ರಾಜ್ಯದ ಪೇದೆಗಳು ಸಂಬಳ ಸಾಲದು, ರಜೆಯಿಲ್ಲ, ಮೇಲಿನವರ ಕಾಟ ತಡೆಯಲಾರೆವೆಂದು ಸಾಮೂಹಿಕವಾಗಿ ರಜೆ ಹಾಕಲು ಹೊರಟು, ಸರ್ಕಾರದ ಬಿಗಿಗೆ ಹಿಂದೆ ಸರಿದರು. ರಸೀದಿ ಕೊಟ್ಟ ಆ ಯುವಕನೂ ಅಂಥವರಲ್ಲಿ ಒಬ್ಬನು. ಅವನ ಮುಂದೆ ಯಾವ ಪುಸ್ತಕವನ್ನು ಇಡುವೆವೋ ಅದನ್ನು ಅವನು ತುಂಬುತ್ತಾನೆ.

ಮನೆಯವರಿಗೆ ಉಪಯೋಗವಾಗುವ ಒಂದೆರಡು ಮಾತನ್ನು ಇಲ್ಲಿಯೇ ಹೇಳುತ್ತೇನೆ. ಅಂದು ಷಡ್ಡಕರಿಗೂ ಇದನ್ನೇ ಹೇಳಿದೆನು. 2024ನೆಯ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಾರಿಗೆ ಬಂದಿದೆ. ಅದರ 173ನೆಯ ಕಲಮಿನಂತೆ ದೊಡ್ಡ ಅಪರಾಧದ ಫಿರ್ಯಾದನ್ನು ಯಾವ ಠಾಣೆಯಲ್ಲಿಯಾದರೂ ಕೊಡಬಹುದು, ‘ನಮ್ಮ ಸರಹದ್ದಲ್ಲ’ ಎನ್ನುವಂತಿಲ್ಲ. ಬರೆದುಕೊಂಡುದರ ಪ್ರತಿಯನ್ನು ಹಣವಿಲ್ಲದೆ ಕೊಡಬೇಕು. ಬರೆದುಕೊಳ್ಳದಿದ್ದರೆ ಜಿಲ್ಲೆಯ ಪೋಲೀಸು ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಬರೆಯಬಹುದು; ಅವರೂ ಸುಮ್ಮನಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಆದರೆ ಒಂದು ಎಚ್ಚರಿಕೆ: ಕಳವಾದ ಮಾಲಿನ ಬೆಲೆಯು ಐದು ಸಾವಿರ ರೂಪಾಯಿಗಿಂತ ಕಡಿಮೆಯಾದರೆ, ಹೊಸ ಕಾನೂನಿನಂತೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೋಲೀಸರು ತನಿಖೆ ಮಾಡತಕ್ಕ ಅಪರಾಧಗಳಲ್ಲಿ ಅದು ಸೇರುವುದಿಲ್ಲ. ಕೂಲಿಯವಳ ಎರಡು ಸಾವಿರವು ಅವಳ ಒಂದು ವಾರದ ಅನ್ನವೆಂಬುದು ಕಾನೂನು ಬರೆದವರಿಗೆ ಹೊಳೆಯಲಿಲ್ಲವೆಂದು ತೋರುತ್ತದೆ. ಆದುದರಿಂದ ಬೆಲೆಯನ್ನು ಫಿರ್ಯಾದಿನಲ್ಲಿ ಸ್ಪಷ್ಟವಾಗಿ ಕಾಣಿಸಿರಿ. ಮನೆಯ ಸಾಮಾನುಗಳ ಬಿಲ್ಲನ್ನು ಒಂದು ಡಬ್ಬಿಯಲ್ಲಿ ಹಾಕಿಡಿರಿ.

ದೊಡ್ಡವ್ವನವರ ಮೊಮ್ಮಗಳು ಅಲ್ಲಿಯೇ ಕುಳಿತು ಫಿರ್ಯಾದನ್ನು ಅಚ್ಚುಕಟ್ಟಾಗಿ ಬರೆದುಕೊಟ್ಟಳು. ಷಡ್ಡಕರು ಅದನ್ನು ಸೂಪರಿಂಟೆಂಡೆಂಟರಿಗೆ ಕಳುಹಿಸಿ ಅಂಚೆಯ ರಸೀದಿಯನ್ನು, ಜುಲ್ಮಾನೆಯ ರಸೀದಿಯ ಜೊತೆಗೆ, ಪಂಚಾಂಗದಲ್ಲಿ ಇಟ್ಟಿದ್ದಾರಂತೆ. ಹತ್ತು ದಿವಸದ ಮೇಲೆ ಇಬ್ಬರು ಪೇದೆಗಳು ಹೊಲಕ್ಕೆ ಬಂದು ಕೇಬಲ್ಲು ಕತ್ತರಿಸಿದ ತುದಿಯನ್ನು ನೋಡಿ ಬರೆದುಕೊಂಡು ಹೋದರು. ಈಗ ಹೊಸ ಕೇಬಲ್ಲು ಬಂದಿದೆ. ಪ್ರತಿ ಸಂಜೆ ಅದನ್ನು ಬಿಚ್ಚಿ ಸುತ್ತಿಕೊಂಡು, ಹೆಲ್ಮೆಟ್ಟು ಹಾಕಿಕೊಂಡು ಮನೆಗೆ ತಂದು ಮಂಚದ ಕೆಳಗಿಟ್ಟುಕೊಂಡು ಮಲಗುತ್ತಾರೆ. ಹಳೆಯದು ಸಿಕ್ಕಿದ ಸುದ್ದಿ ಬಂದರೆ ಮುಂದಿನ ತಿಂಗಳು ತಿಳಿಸುತ್ತೇನೆ.