ಅಂಗಡಿಯವ ಕಣ್ಣು ಹೊಡೆದನೇ?

ಟಿಕೆಟ್ ಕೊಡುವಾಗ ಕಂಡಕ್ಟರನ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡರೆ ಸೀಟಿನಲ್ಲಿರುವ ಹೆಂಗಸು ಸುಮ್ಮನಿರುತ್ತಾಳೆಯೆ? ಚಿಲ್ಲರೆ ಎಣಿಸುವಾಗ ಅಂಗಡಿಯವನ ಕೆನ್ನೆ ಸೊಟ್ಟಗಾದರೆ ಗಿರಾಕಿ ಏನೆಂದುಕೊಳ್ಳಬೇಕು? ಯಾರದೂ ತಪ್ಪಿಲ್ಲ ಸ್ವಾಮಿ, ಅದು ಕಾಯಿಲೆ.

ನಮ್ಮ ಕಡೆ ಕಣ್ಣು ಅದುರಿದರೆ ಮೊದಲು ಶಕುನ: ಗಂಡಸಿಗೆ ಬಲ ಶುಭ, ಹೆಂಗಸಿಗೆ ಎಡ. ಆಮೇಲೆ ದೃಷ್ಟಿ ತೆಗೆಸುವುದು, ತಾಯಿತ. ಎರಡು ದಿನ ಅದುರಿ ನಿಂತರೆ ನಿದ್ದೆಗೇಡು, ಕಾಫಿ ಜಾಸ್ತಿ ಅಂತ ಬಿಡಬಹುದು. (ಕಾಫಿ ಸೀಮೆಯಲ್ಲಿ ಇದನ್ನು ಹೇಳೋದೂ ಕಷ್ಟ!) ಆದರೆ ಒಂದೇ ಪಕ್ಕ, ರೆಪ್ಪೆಯಿಂದ ಶುರುವಾಗಿ ಬರಬರುತ್ತಾ ಬಾಯಂಚಿಗೆ ಇಳಿದು, ನಿದ್ದೆಯಲ್ಲೂ ಬಿಡದೆ ಸೆಳೆದರೆ ಡಾಕ್ಟರಿಗೆ ತೋರಿಸಿ. ಲಕ್ವವೂ ಅಲ್ಲ ಇದು. ಲಕ್ವದಲ್ಲಿ ಮುಖ ಜೋತುಬೀಳುತ್ತದೆ. ಹಾಗಾದರೆ ಮಾತ್ರ ಅದೇ ಗಳಿಗೆ ಆಸ್ಪತ್ರೆಗೆ ಓಡಿ.

ಮುಖ ಆಡಿಸುವ ನರ ಮಿದುಳಿನ ಬುಡದಿಂದ ಹೊರಡುತ್ತದೆ. ಸಾಮಾನ್ಯವಾಗಿ ಅಲ್ಲೇ ಒಂದು ರಕ್ತನಾಳ ಬಾಗಿ ಅದರ ಮೇಲೆ ಒರಗಿರುತ್ತದೆ, ನಾಡಿ ಮಿಡಿದಂತೆಲ್ಲ ಕುಟ್ಟುತ್ತದೆ. ಮಳೆಗಾಲದಲ್ಲಿ ಸಿಲ್ವರ್ ಮರದ ಕೊಂಬೆ ತಂತಿಗೆ ಉಜ್ಜಿ ಮನೆಯ ದೀಪ ಮಿಣುಕುವುದಿಲ್ಲವೆ, ಹಾಗೆ.

ಮಾತ್ರೆ ಅಷ್ಟಕ್ಕಷ್ಟೆ. ಬೋಟಾಕ್ಸ್ ಇಂಜೆಕ್ಷನ್ ಮೂರ್ನಾಲ್ಕು ತಿಂಗಳು ಸೆಳೆತ ಅಡಗಿಸುತ್ತದೆ. ಸಿನಿಮಾದವರ ಸುಕ್ಕು ತೆಗೆಯುವ ಮದ್ದು ಅಂತ ನಗಬೇಡಿ. 1989ರಲ್ಲಿ ಅಮೆರಿಕ ಅದಕ್ಕೆ ಮೊದಲು ಒಪ್ಪಿಗೆ ಕೊಟ್ಟಿದ್ದು ಮೆಳ್ಳೆಗಣ್ಣಿಗೆ ಮತ್ತು ಇಂಥ ರೆಪ್ಪೆ ಸೆಳೆತಕ್ಕೆ. ಪೂರ್ತಿ ಬಿಡುಗಡೆ ಬೇಕೆಂದರೆ ಆಪರೇಷನ್: ಕಿವಿಯ ಹಿಂದೆ ಬುರುಡೆ ಕೊರೆದು ನಾಳಕ್ಕೂ ನರಕ್ಕೂ ನಡುವೆ ಟೆಫ್ಲಾನ್ ತುಣುಕು ಇಡುತ್ತಾರೆ. ಅಮೆರಿಕದ ಡಾ. ಪೀಟರ್ ಜನೆಟ್ಟಾ ರೂಢಿಗೆ ತಂದದ್ದು. 100ಕ್ಕೆ 80ಕ್ಕೂ ಹೆಚ್ಚು ಮಂದಿಗೆ ಗುಣ. ಕೆಲವರಿಗೆ ಕಿವಿ ಮಂದವಾಗುವ ಅಪಾಯವೂ ಉಂಟು.

ಆಪರೇಷನ್ನಿಗೆ ದೊಡ್ಡ ಊರಿಗೇ ಹೋಗಲಿ, ಸರಿ. ಆದರೆ ಬರೀ ಇಂಜೆಕ್ಷನ್ನಿಗೆ ವರ್ಷಕ್ಕೆ ಮೂರ್ನಾಲ್ಕು ಸಲ ಕಳಸದವರು ಕುದುರೆಮುಖ ದಾಟಿ, ಮೂಡಿಗೆರೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗಬೇಕೆ? ಇಲ್ಲವೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ನಿಮ್ಹಾನ್ಸಿಗೆ? ಕಾಫಿ ಕುಯ್ಲಿನ ಕಾಲದಲ್ಲಿ ತೋಟದ ಆಳಿಗೆ ಎರಡು ದಿನದ ಕೂಲಿ ಖೋತಾ. ಅದಕ್ಕೇ ಎಷ್ಟೋ ಜನ ಸೆರಗು, ಟವೆಲ್ಲು ಮುಚ್ಚಿಕೊಂಡು ದಿನ ತಳ್ಳುತ್ತಾರೆ.

ಇದಕ್ಕೆ ಆಪರೇಷನ್ ಥಿಯೇಟರ್ ಬೇಡ. ಕಲಿತ ಡಾಕ್ಟರು, ಔಷಧಿ, ಅದನ್ನಿಡಲು ಫ್ರಿಜ್ಜು ಇದ್ದರಾಯಿತು. ಚಿಕ್ಕಮಗಳೂರಿಗೆ ಈಗ ಸರ್ಕಾರಿ ಮೆಡಿಕಲ್ ಕಾಲೇಜೂ ಬಂದಿದೆ. ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಇದಕ್ಕೇ ಅಂತ ಗೊತ್ತುಮಾಡಿ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಹಾಕಿಸಲಿ. ಸಂತೆ ದಿನವಾದರೆ ಇನ್ನೂ ಒಳ್ಳೇದು. ಸಾಮಾನೂ ಆಯಿತು, ಇಂಜೆಕ್ಷನ್ನೂ ಆಯಿತು, ಕೊನೇ ಬಸ್ಸಿಗೆ ಕಳಸ ಸೇರಬಹುದು.