ಗೋಡೆ ಒಡೆಯುವ ಮುನ್ನ

ಮಳೆಗಾಲವು ಸಮೀಪಿಸಿತೆಂದರೆ ಮುಂಬಯಿಯಲ್ಲಿ ಅಪಾಯಕಾರಿ ಕಟ್ಟಡಗಳ ಯಾದಿ ಹೊರಬೀಳುವುದು ವಾಡಿಕೆ. ಹಳೆಯ ಚಾಳುಗಳಲ್ಲಿ ನೆಲೆಸಿರುವ ನಮ್ಮ ಜನರು ಅದರಲ್ಲಿ ತಮ್ಮ ಕಟ್ಟಡದ ಹೆಸರಿಲ್ಲವೆಂದು ತಿಳಿದು ನೆಮ್ಮದಿಯಿಂದಿರುತ್ತಾರೆ. ಆದರೆ ಕಟ್ಟಡವನ್ನು ಕೆಡಹುವುದು ಮಳೆ ಮತ್ತು ವಯಸ್ಸು ಮಾತ್ರವಲ್ಲ. ಒಳಗಿರುವವರ ಸುತ್ತಿಗೆಗೂ ಆ ಶಕ್ತಿಯುಂಟು. ಆ ಸುತ್ತಿಗೆಯ ಹೆಸರು ಯಾವ ಯಾದಿಯಲ್ಲಿಯೂ ಇರುವುದಿಲ್ಲ.

2013ರ ಸೆಪ್ಟೆಂಬರ್ 27ರಂದು ಡಾಕ್‌ಯಾರ್ಡ್ ರಸ್ತೆಯ ಬಳಿ ನಗರಪಾಲಿಕೆಯ ನೌಕರರು ವಾಸಿಸುತ್ತಿದ್ದ ಕಟ್ಟಡವು ಕುಸಿದು 61 ಜನರು ಮೃತರಾದರು. ನೆಲಮಹಡಿಯಲ್ಲಿ ನಡೆದಿದ್ದ ಅನಧಿಕೃತ ಮಾರ್ಪಾಟಿನ ಬಗ್ಗೆ ಪೊಲೀಸರು ಮೊಕದ್ದಮೆ ಹೂಡಿದರು. 2017ರ ಜುಲೈ 25ರಂದು ಘಾಟ್ಕೋಪರಿನ ಸಿದ್ಧಿ ಸಾಯಿ ಕಟ್ಟಡವು ಕುಸಿದು 17 ಜನರು ಅಸುನೀಗಿದರು. ಅಲ್ಲಿಯೂ ನೆಲಮಹಡಿಯ ನವೀಕರಣದಲ್ಲಿ ಕಂಬಗಳಿಗೆ ಪೆಟ್ಟು ಬಿತ್ತೆಂಬುದೇ ಮುಖ್ಯ ಆರೋಪ. ಮಾರ್ಪಾಟು ಕೆಳಗಿನವರದು, ಮರಣ ಮೇಲಿನವರದು!

ಇವು ಕಂಬಗಳ ಕಟ್ಟಡಗಳು. ನಮ್ಮವರು ಅನೇಕರಿರುವ ಹಳೆಯ ಚಾಳುಗಳಲ್ಲಾದರೋ ಕಂಬದ ಕೆಲಸವನ್ನು ಗೋಡೆಯೇ ಮಾಡುತ್ತದೆ. ತೊಲೆ, ಜಂತೆಗಳ ತುದಿಗಳು ಅದರ ಮೇಲೆ ಕುಳಿತಿರುತ್ತವೆ. ಮೇಲಿನ ಮಹಡಿಯ ಗೋಡೆಯೂ ಅದರ ಮೇಲೆಯೇ ನಿಂತಿರುತ್ತದೆ. ಒಂಬತ್ತು ಅಂಗುಲ ದಪ್ಪ, ಹತ್ತು ಅಡಿ ಎತ್ತರದ ಇಟ್ಟಿಗೆಯ ಗೋಡೆಯಲ್ಲಿ ಮೂರು ಅಡಿ ಅಗಲದ ಭಾಗವೊಂದೇ ಸುಮಾರು 1,200 ಕಿಲೋ ತೂಗುತ್ತದೆ. ಮೇಲೆ ಮೂರು ಮಹಡಿಗಳಿದ್ದರೆ ಮೂರು ಪಾಲು ಭಾರ; ನೆಲ, ಸಾಮಾನು, ಮನುಷ್ಯರ ಭಾರ ಬೇರೆ. ಬಾಗಿಲು ತೆರೆದೊಡನೆ ಈ ಭಾರವು ಮಾಯವಾಗದು. ಇಕ್ಕೆಲಗಳಲ್ಲಿ ಉಳಿದ ಗೋಡೆಯನ್ನು ಅದುಮುತ್ತದೆ. ಸುಣ್ಣದ ಗಾರೆ ಪುಡಿಯಾಗಿದ್ದರೆ, ಬಾಗಿಲು ಕಟ್ಟಡದ ಮೂಲೆಗೆ ಹತ್ತಿರವಾಗಿದ್ದರೆ, ಅದು ತಡೆದುಕೊಳ್ಳಲಾರದು.

ಸ್ಥಳದ ಅಭಾವವನ್ನು ನಾವು ಅಲ್ಲಗಳೆಯುವುದಿಲ್ಲ. ಮಗನ ಮದುವೆಗೆಂದು ಪಕ್ಕದ ಖೋಲಿಯನ್ನು ಕೊಂಡ ಗುಮಾಸ್ತನಿಗೆ ನಡುವೆ ಬಾಗಿಲು ಬೇಕು. ಪಕ್ಕದ ಅಂಗಡಿಯನ್ನು ಹಿಡಿದ ಹೋಟೆಲ್ ಮಾಲಿಕನಿಗೆ ಅಡುಗೆಮನೆ ವಿಸ್ತಾರವಾಗಬೇಕು. ಬೇಡಿಕೆ ನ್ಯಾಯವಾದುದೇ. ಆದರೆ ಎರಡು ದಿನಗಳ ಕೂಲಿಗೆ ಒಪ್ಪಿಕೊಂಡ ಮೇಸ್ತ್ರಿಯು ಗೋಡೆಯನ್ನು ತಟ್ಟಿ ನೋಡಿ ‘ಏನೂ ಆಗದು’ ಎಂದ ಮಾತು ಪ್ರಮಾಣವಾಗಲಾರದು.

ಕ್ರಮವಾದ ಮಾರ್ಗವೊಂದುಂಟು. ಮೊದಲು ಕಟ್ಟಡದ ಬಲವನ್ನು ಬಲ್ಲ ಸ್ಟ್ರಕ್ಚರಲ್ ಇಂಜಿನಿಯರರು ಮೇಲಿನ ಮತ್ತು ಕೆಳಗಿನ ಮಹಡಿಗಳನ್ನೂ ನೋಡಿ ನಕ್ಷೆ ಮಾಡಬೇಕು. ಕಟ್ಟಡದ ಮಾಲಿಕನ ಅಥವಾ ಸೊಸೈಟಿಯ ಒಪ್ಪಿಗೆಯೂ ನಗರಪಾಲಿಕೆಯ ಅನುಮತಿಯೂ ಬೇಕು. ಒಡೆಯುವ ಮುನ್ನ ಮೇಲಿನ ಭಾರವನ್ನು ತೊಲೆ ಮತ್ತು ಆಸರೆಯ ಕಂಬಗಳ ಮೇಲೆ ಹೊರಿಸಬೇಕು. ಬಾಗಿಲ ಮೇಲೆ ಲೆಕ್ಕಕ್ಕೆ ತಕ್ಕ ಉಕ್ಕಿನ ಅಥವಾ ಕಾಂಕ್ರೀಟಿನ ಲಿಂಟಲ್ ಕೂರಿಸಿ, ಅದರ ಎರಡು ತುದಿಗಳನ್ನೂ ಗಟ್ಟಿ ಗೋಡೆಯ ಮೇಲೆ ಸಾಕಷ್ಟು ಒಳಕ್ಕೆ ಊರಿಸಿ, ಮೇಲಿನ ಸಂದನ್ನು ಬಿಗಿಯಾಗಿ ತುಂಬಬೇಕು. ಕಾಂಕ್ರೀಟು ಪೂರ್ಣ ಬಲಕ್ಕೆ ಬರಲು 28 ದಿನಗಳೆಂಬುದು ರೂಢಿಯ ಲೆಕ್ಕ. ಇಂಜಿನಿಯರರು ಹೇಳುವ ತನಕ ಆಸರೆಯನ್ನು ತೆಗೆಯಬಾರದು. ಅವಸರದ ಮಾಲಿಕನು ಕೈಯಿಡುವುದು ಇಲ್ಲಿಯೇ.

ಕಾಯಿದೆಗಳಿಗೆ ಕೊರತೆಯಿಲ್ಲ. 1888ರ ಮುಂಬಯಿ ಮಹಾನಗರಪಾಲಿಕೆ ಕಾಯಿದೆಯ 353ಬಿ ಕಲಮು 30 ವರ್ಷ ಮೀರಿದ ಕಟ್ಟಡಗಳ ಬಲಪರೀಕ್ಷೆಯನ್ನು ಕಡ್ಡಾಯಗೊಳಿಸಿದೆ. ಆದರೆ ಪರೀಕ್ಷೆಯಾದ ಮರುದಿನವೇ ಗೋಡೆ ಒಡೆದರೆ ಆ ಪ್ರಮಾಣಪತ್ರಕ್ಕೆ ಬೆಲೆಯೇನು? ನಿತ್ಯದ ಕಾವಲು ಅಲ್ಲಿಯೇ ವಾಸಿಸುವವರಿಂದಲೇ ಆಗಬೇಕು.

ಆದುದರಿಂದ ಅಟ್ಟದ ಮೇಲೆ ಮಲಗುವ ಹೋಟೆಲ್ ಕಾರ್ಮಿಕ ಬಂಧುಗಳಿಗೂ ಮೇಲಿನ ಮಹಡಿಗಳ ಬಾಡಿಗೆದಾರರಿಗೂ ನಮ್ಮ ಸೂಚನೆಯಿಷ್ಟೆ: ಕೆಳಗೆ ಗೋಡೆ ಒಡೆಯುವ ಸದ್ದು ಕೇಳಿದರೆ ಅನುಮತಿಪತ್ರವನ್ನು ತೋರಿಸಲು ಕೇಳಿರಿ. ಹೊಸ ಬಿರುಕು ಕಂಡರೆ, ಬಾಗಿಲು ಕಿಟಕಿಗಳು ಒಮ್ಮೆಲೆ ಬಿಗಿಯಾದರೆ, ಗಾರೆ ಉದುರಿದರೆ, ತಕ್ಷಣ ಹೊರಬಂದು ಅಗ್ನಿಶಾಮಕ ದಳಕ್ಕೂ ವಾರ್ಡ್ ಕಚೇರಿಗೂ ತಿಳಿಸಿರಿ. ನೌಕರಿಯ ಭಯದಿಂದಲೋ ನೆರೆಹೊರೆಯ ದಾಕ್ಷಿಣ್ಯದಿಂದಲೋ ಸುಮ್ಮನಿರುವುದು ತರವಲ್ಲ. ಖೋಲಿಗೆ ಒಡೆಯನು ಒಬ್ಬನಿರಬಹುದು. ಭಾರ ಹೊತ್ತ ಗೋಡೆಯ ಮೇಲೆ ಅದರ ಆಶ್ರಯದಲ್ಲಿರುವ ಎಲ್ಲರಿಗೂ ಹಕ್ಕುಂಟು.