ಜೇನುಪೆಟ್ಟಿಗೆಗೆ ಕಾವಲು ಯಾರು?

“ಪ್ರಕೃತಿಯ ವ್ಯವಹಾರದಲ್ಲಿ ಮನುಷ್ಯ ಕೈಹಾಕಬಾರದು, ಕಡಜ ಜೇನನ್ನು ತಿಂದರೆ ತಿನ್ನಲಿ, ಕಾಲಕ್ರಮದಲ್ಲಿ ಎಲ್ಲವೂ ಸರಿಹೋಗುತ್ತದೆ” ಎನ್ನುವ ಮಹನೀಯರುಂಟು. ಕೇಳಲು ಇಂಪಾದ ಮಾತು. ಆದರೆ ಫ್ರಾನ್ಸಿನ ಜೇನುಗಾರನ ಮುಂದೆ ಇದನ್ನು ಆಡಲು ಧೈರ್ಯ ಬೇಕು.

ಏಷ್ಯದ ಕಡಜ ಆ ದೇಶಕ್ಕೆ ತಾನಾಗಿ ಹಾರಿಹೋದದ್ದಲ್ಲ. ಚೀನದಿಂದ ಸರಕಿನೊಡನೆ ಹೋಯಿತು. 2004ರಲ್ಲಿ ನೈಋತ್ಯ ಭಾಗದಲ್ಲಿ ಅದನ್ನು ಗುರುತಿಸಿದರು. ವ್ಯಾಪಾರಿಯ ಮೂಟೆಯಲ್ಲಿ ಬಂದದ್ದಕ್ಕೆ ಪ್ರಕೃತಿಯ ಹೆಸರಿನಲ್ಲಿ ರಹದಾರಿ ಕೊಡುವುದು ಯಾವ ನ್ಯಾಯ? ನಮ್ಮ ತುಡುವೆ ಜೇನಿನ ಕುಲ ಕಡಜಗಳೊಡನೆ ಯುಗಯುಗಗಳಿಂದ ಹೋರಾಡಿಕೊಂಡು ಬಂದದ್ದು. ಶತ್ರು ಬಾಗಿಲಿಗೆ ಬಂದರೆ ನೂರಾರು ನೊಣಗಳು ಮುತ್ತಿ, ಉಂಡೆಕಟ್ಟಿ, ಮೈಯ ಕಾವಿನಿಂದಲೇ ಅದನ್ನು ಬೇಯಿಸಿಬಿಡುತ್ತವೆ. ಉಂಡೆಯೊಳಗಿನ ಶಾಖ 45 ಡಿಗ್ರಿ ಮುಟ್ಟುತ್ತದೆ. ಯೂರೋಪಿನ ಜೇನಿಗೆ ಈ ವಿದ್ಯೆ ಅಷ್ಟಾಗಿ ಒಲಿದಿಲ್ಲ. ಕಡಜ ಪೆಟ್ಟಿಗೆಯ ಮುಂದೆ ಗಾಳಿಯಲ್ಲೇ ನಿಂತು, ಮರಳಿಬರುವ ನೊಣಗಳನ್ನು ಒಂದೊಂದಾಗಿ ಹಿಡಿಯುತ್ತದೆ. ಹಿಡಿದದ್ದಷ್ಟೇ ಹಾನಿಯಲ್ಲ. ಹೆದರಿದ ನೊಣಗಳು ಹೊರಗೆ ಹೊರಡುವುದನ್ನೇ ಬಿಡುತ್ತವೆ. ಚಳಿಗಾಲಕ್ಕೆ ತುಪ್ಪ ಕೂಡುವುದಿಲ್ಲ. ಸಂಸಾರವೇ ಹಸಿವಿನಿಂದ ಅಳಿಯುತ್ತದೆ.

“ಹಾಗಾದರೆ ಸಾಕಿದವನೇ ಕಾದುಕೊಳ್ಳಲಿ” ಎಂಬುದು ಇನ್ನೊಂದು ವಾದ. ಅವನು ಕಾಯದೆ ಇದ್ದಾನೆಯೆ? ಪೆಟ್ಟಿಗೆಯ ಬಾಗಿಲನ್ನು ಕಿರಿದುಮಾಡಿದ್ದಾನೆ, ಮುಂದೆ ತಂತಿಬಲೆ ಕಟ್ಟಿದ್ದಾನೆ. ಬೀರು, ಸಕ್ಕರೆ ಪಾಕ ತುಂಬಿದ ಸೀಸೆಯನ್ನು ತೂಗುಬಿಡುವವರೂ ಉಂಟು. ಅದರಲ್ಲಿ ಬಿದ್ದು ಸಾಯುವ ನಿರಪರಾಧಿ ಹುಳುಗಳ ಪಾಡು ನೋಡಿದರೆ, ಆ ಸೀಸೆಯನ್ನಂತೂ ನಾನು ಒಪ್ಪಲಾರೆ. ಇರಲಿ. ಕಡಜದ ಗೂಡು ಇರುವುದು ಎಷ್ಟೋ ಸಲ ಪರರ ತೋಟದಲ್ಲಿ, ಎತ್ತರದ ಮರದ ತುದಿಯಲ್ಲಿ. ಅಲ್ಲಿಗೆ ನುಗ್ಗಿ ಅದನ್ನು ಕೆಡಹುವ ಅಧಿಕಾರ ಜೇನುಗಾರನಿಗೆಲ್ಲಿದೆ?

ಫ್ರಾನ್ಸಿನ ಸರ್ಕಾರ 2012ರಲ್ಲಿ ಕಡಜವನ್ನು ಅಪಾಯದ ಪಟ್ಟಿಗೆ ಸೇರಿಸಿತು. ಹತೋಟಿಯ ಭಾರವನ್ನು ಬಹುಪಾಲು ಜೇನುಗಾರರ ಹೆಗಲಿಗೇ ಬಿಟ್ಟಿತು. ರಾಷ್ಟ್ರೀಯ ಯೋಜನೆಗೆ ಶಾಸನವಾದದ್ದು 2025ರ ಮಾರ್ಚ್‌ನಲ್ಲಿ. ಇಪ್ಪತ್ತೊಂದು ವರ್ಷ! ಅಷ್ಟರಲ್ಲಿ ಕಡಜ ಸ್ಪೇನ್, ಪೋರ್ಚುಗಲ್, ಇಟಲಿಗಳನ್ನು ಹೊಕ್ಕು, 2016ರಲ್ಲಿ ಇಂಗ್ಲೆಂಡಿನಲ್ಲಿಯೂ ಕಾಣಿಸಿಕೊಂಡಿತ್ತು.

ಅಮೆರಿಕದ ವಾಷಿಂಗ್ಟನ್ ರಾಜ್ಯದವರು ಹೀಗೆ ಕೈಕಟ್ಟಿ ಕೂಡಲಿಲ್ಲ. ಅಲ್ಲಿಗೆ 2019ರಲ್ಲಿ ಬಂದದ್ದು ಇನ್ನೂ ದೊಡ್ಡ ಜಾತಿಯ ಕಡಜ. ಹಿಡಿದ ಹುಳುವಿನ ಮೈಗೆ ಪುಟ್ಟ ರೇಡಿಯೊ ಕಟ್ಟಿ ಬಿಟ್ಟು, ಅದರ ಬೆನ್ನುಹತ್ತಿ, 2020ರಲ್ಲಿ ಮೊದಲ ಗೂಡನ್ನು ಪತ್ತೆಮಾಡಿದರು. ಮರುವರ್ಷ ಮತ್ತೆ ಮೂರನ್ನು. 2024ರ ಡಿಸೆಂಬರಿನಲ್ಲಿ ಕಡಜ ನಿರ್ಮೂಲವಾಯಿತೆಂದು ಸಾರಿದರು. ಗೂಡು ಕೆಡಹಿದವರು ಸರ್ಕಾರದ ಕೃಷಿ ಇಲಾಖೆಯ ನೌಕರರು. ಊರಿನವರು ಕಂಡದ್ದನ್ನು ತಿಳಿಸಿದರು, ತಮ್ಮ ಜಮೀನಿನೊಳಕ್ಕೆ ಅವರನ್ನು ಬಿಟ್ಟುಕೊಂಡರು.